ನೆತ್ತಿ ಕಿತ್ತು ಬಂದಾಗ: ಫ್ಲ್ಯಾಪ್ ಬಳಸಿ ತಲೆಚರ್ಮ ಮತ್ತೆ ಕಟ್ಟುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಅಡಿಕೆ ಕೊಯ್ಲಿನ ಕಾಲ. ರಾತ್ರಿ ಒಂಬತ್ತರ ಹೊತ್ತಿಗೆ ಹೆಂಗಸೊಬ್ಬರನ್ನು ನಮ್ಮ ಕ್ಯಾಶುವಾಲಿಟಿಗೆ ಕರೆತಂದರು. ಅಡಿಕೆ ಸುಲಿಯುವ ಯಂತ್ರದ ಬೆಲ್ಟಿಗೆ ಜಡೆ ಸಿಕ್ಕಿಕೊಂಡಿತ್ತು. ಹುಬ್ಬಿನ ಮೇಲಿನಿಂದ ಕತ್ತಿನ ಹಿಂಭಾಗದವರೆಗೆ ನೆತ್ತಿ ಪೂರ್ತಿ ಕಿತ್ತು ಬಂದಿತ್ತು. ಮನೆಯವರು ಆ ಚರ್ಮವನ್ನೂ ತಂದಿದ್ದರು. ಅಷ್ಟು ಗಾಬರಿಯಲ್ಲೂ ಅದನ್ನು ಹುಡುಕಿ ತಂದದ್ದು ದೊಡ್ಡ ಮಾತು. ಆದರೆ ದಾರಿಯಲ್ಲಿ ಮೊದಲು ತೋರಿಸಿದ ಕಡೆ ಅದನ್ನು ಐಸ್ ಗಡ್ಡೆಗಳ ನಡುವೆ ನೇರವಾಗಿ ಹೂತು ಕಳಿಸಿದ್ದರು. ನಾನು ಡಬ್ಬಿ ತೆರೆದಾಗ ಜಡೆಯಲ್ಲಿ ಮುಡಿದ ಮಲ್ಲಿಗೆ ಹಾಗೇ ಇತ್ತು. ಚರ್ಮದ ಅಂಚು ಮಾತ್ರ ಮರದ ಚಕ್ಕೆಯ ಹಾಗೆ ಸೆಟೆದಿತ್ತು. ರಕ್ತನಾಳಗಳು ಒಳಗಿನಿಂದಲೇ ಹಾಳಾಗಿದ್ದವು. ಮರಳಿ ಜೋಡಿಸಲು ಆಗಲಿಲ್ಲ. ಬೆನ್ನಿನ ಸ್ನಾಯು ತಂದು ತಲೆ ಮುಚ್ಚಿದೆವು. ಅವರು ಈಗ ಆರೋಗ್ಯವಾಗಿದ್ದಾರೆ. ಆ ಕೂದಲು ಮಾತ್ರ ಮತ್ತೆ ಬರಲಿಲ್ಲ.

ಈ ಬರಹ ಪ್ಲಾಸ್ಟಿಕ್ ಸರ್ಜರಿ ಕಲಿಯುತ್ತಿರುವ ಕಿರಿಯರಿಗೆ, ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಗಾಯವನ್ನು ಮೊದಲು ನೋಡುವ ವೈದ್ಯರಿಗೆ ಮತ್ತು ನರ್ಸ್‌ಗಳಿಗೆ. ಓಟಿ ಬಾಗಿಲ ಹೊರಗೆ ಕೂತ ಮನೆಯವರಿಗೂ ಒಳಗೆ ಏನು ನಡೆಯುತ್ತಿದೆ ಎಂದು ಅರ್ಥವಾಗಬೇಕು. ಓದಿಕೊಂಡು ಯಾರೂ ಆಪರೇಶನ್ ಕಲಿಯುವುದಿಲ್ಲ, ಅದಕ್ಕೆ ಹಿರಿಯರ ಪಕ್ಕ ನಿಲ್ಲಲೇಬೇಕು. ಆದರೆ ಪಕ್ಕ ನಿಂತಾಗ ಏನನ್ನು ನೋಡಬೇಕು ಅನ್ನುವುದನ್ನು ಹೇಳಬಹುದು. ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿಗೆ ರಕ್ತ ಎಲ್ಲಿಂದ ಬರುತ್ತದೆ?

ನೆತ್ತಿಯ ಐದು ಪದರ

ತಲೆಚರ್ಮ ಅಂದರೆ ಬರೀ ಚರ್ಮ ಅಲ್ಲ. ಮೇಲೆ ದಪ್ಪ ಚರ್ಮ. ಅದರ ಕೆಳಗೆ ಗಟ್ಟಿ ನಾರಿನ ಕೊಬ್ಬಿನ ಪದರ. ಅದರ ಕೆಳಗೆ ಗೇಲಿಯಾ ಎಂಬ ಬಿಗಿಯಾದ ಹಾಳೆ. ನಂತರ ಸಡಿಲವಾದ ಒಂದು ಪದರ. ಕೊನೆಗೆ ಬುರುಡೆಗೆ ಅಂಟಿಕೊಂಡ ತೆಳು ಪೊರೆ, ಪೆರಿಕ್ರೇನಿಯಂ. ನಿಮ್ಮ ತಲೆಯ ಮೇಲೆ ಬೆರಳಿಟ್ಟು ಹಿಂದೆ ಮುಂದೆ ಆಡಿಸಿ ನೋಡಿ. ಜಾರುತ್ತದೆ ಅಲ್ವಾ? ಜಾರುವುದು ಆ ನಾಲ್ಕನೇ ಸಡಿಲ ಪದರದಲ್ಲಿ. ಯಂತ್ರಕ್ಕೆ ಜಡೆ ಸಿಕ್ಕಾಗ ನೆತ್ತಿ ಕಿತ್ತು ಬರುವುದೂ ಸಾಮಾನ್ಯವಾಗಿ ಅಲ್ಲೇ. ಸರ್ಜನ್ ಫ್ಲ್ಯಾಪ್ (ತನ್ನ ರಕ್ತನಾಳದ ಸಮೇತ ಸರಿಸುವ ಚರ್ಮ ಅಥವಾ ಸ್ನಾಯುವಿನ ತುಂಡು) ಎತ್ತುವುದೂ ಅಲ್ಲೇ.

ರಕ್ತ ಬರುವುದು ಸುತ್ತಲಿಂದ. ಪ್ರತಿ ಬದಿಗೆ ಐದು ಆರ್ಟರಿಗಳು, ಅಂದರೆ ಹೃದಯದಿಂದ ರಕ್ತ ತರುವ ನಾಳಗಳು. ಹಣೆಯಲ್ಲಿ ಎರಡು, ಕಿವಿಯ ಮುಂದೆ ಒಂದು, ಕಿವಿಯ ಹಿಂದೆ ಒಂದು, ತಲೆಯ ಹಿಂಭಾಗದಲ್ಲಿ ಒಂದು. ಕಿವಿಯ ಮುಂದಿನದು ಸೂಪರ್‌ಫಿಶಿಯಲ್ ಟೆಂಪೊರಲ್, ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಈ ಹೆಸರು ನೆನಪಿಡಿ, ಮುಂದೆ ಬೇಕಾಗುತ್ತದೆ. ಇವೆಲ್ಲ ಗೇಲಿಯಾದ ಸ್ವಲ್ಪ ಮೇಲೆ ಓಡಾಡುತ್ತವೆ, ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡಿವೆ. ಹಾಗಾಗಿಯೇ ಒಂದೇ ಆರ್ಟರಿ ಜೋಡಿಸಿದರೂ ಇಡೀ ನೆತ್ತಿ ಬದುಕಿದ ಉದಾಹರಣೆಗಳಿವೆ. ನೆತ್ತಿ ಕೊಯ್ದರೆ ರಕ್ತ ಸುರಿಯುವುದಕ್ಕೂ ಕಾರಣ ಇದೆ. ನಾರಿನ ಪದರ ರಕ್ತನಾಳದ ಬಾಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದಕ್ಕೆ ಮುದುಡಿಕೊಳ್ಳಲು ಜಾಗ ಇರುವುದಿಲ್ಲ.

ಮೊದಲ ಒಂದು ಗಂಟೆ

ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ಏನೂ ಬೇಡ, ಆಮೇಲೆ ಅದನ್ನು ತೊಳೆದು ತೆಗೆಯುವುದೇ ಒಂದು ಕೆಲಸವಾಗುತ್ತದೆ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ತಲುಪಿದ ಮೇಲೆ ವೈದ್ಯರು ಗಾಯ ನೋಡುವ ಮೊದಲು ಮನುಷ್ಯನನ್ನು ನೋಡಬೇಕು. ಉಸಿರಾಟ, ಬಿಪಿ, ಪ್ರಜ್ಞೆ, ಕುತ್ತಿಗೆ. ಜಡೆ ಎಳೆದ ಬಲ ಕುತ್ತಿಗೆಯ ಮೂಳೆಗೂ ಬಿದ್ದಿರುತ್ತದೆ, ಅದನ್ನು ಮರೆಯುವವರು ಜಾಸ್ತಿ. ಟೆಟನಸ್ ಇಂಜೆಕ್ಷನ್, ಆಂಟಿಬಯಾಟಿಕ್, ರಕ್ತದ ಗುಂಪು, ತಲೆಯ ಸಿಟಿ ಸ್ಕ್ಯಾನ್.

ಕಿತ್ತುಬಂದ ನೆತ್ತಿಯನ್ನು ಹೀಗೆ ಕಳಿಸಿ. ಸಲೈನ್‌ನಲ್ಲಿ ನೆನೆಸಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ. ಅದನ್ನು ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ಮತ್ತು ನೀರು ಬೆರೆಸಿದ ಇನ್ನೊಂದು ಡಬ್ಬಿಯಲ್ಲಿ ಇಡಿ. ಐಸ್ ಚರ್ಮಕ್ಕೆ ತಾಗಲೇಬಾರದು. ಕೂದಲು ಕತ್ತರಿಸಲು, ಕೊಳೆ ಉಜ್ಜಲು ಹೋಗಬೇಡಿ, ಅದು ನಮ್ಮ ಓಟಿಯ ಕೆಲಸ. ಎಷ್ಟು ಗಂಟೆಗೆ ಕಿತ್ತುಬಂತು ಎಂದು ಡಬ್ಬಿಯ ಮೇಲೆ ಬರೆಯಿರಿ. ಮೈಕ್ರೋಸರ್ಜರಿ (ಮೈಕ್ರೋಸ್ಕೋಪ್ ಕೆಳಗೆ ಸಣ್ಣ ರಕ್ತನಾಳ ಜೋಡಿಸುವ ಕೆಲಸ) ಇರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ತಿಳಿಸಿ.

ತಲೆಯ ಮೇಲೆ ಉಳಿದ ಗಾಯವನ್ನು ಒಣಗಲು ಬಿಡಬಾರದು. ಪ್ಯಾರಾಫಿನ್ ಗಾಜ್ ಹಾಕಿ, ಮೇಲೆ ಒದ್ದೆ ಡ್ರೆಸ್ಸಿಂಗ್ ಮಾಡಿ. ಬುರುಡೆಯ ಮೇಲೆ ಉಳಿದ ಆ ತೆಳು ಪೊರೆ ಒಣಗಿದರೆ ಸಾಯುತ್ತದೆ. ಪೊರೆ ಸತ್ತರೆ ಒಂದು ವಾರದ ಕೆಲಸ ಮೂರು ತಿಂಗಳ ಕೆಲಸವಾಗುತ್ತದೆ.

ಗಾಯವನ್ನು ಓದುವುದು

ಗಾಯ ಹೇಗಾಯಿತು ಎಂದು ಕೇಳಿ. ಉತ್ತರದ ಮೇಲೆ ಪ್ಲಾನ್ ನಿಂತಿದೆ. ಯಂತ್ರಕ್ಕೆ ಸಿಕ್ಕಿದ್ದರೆ ಅಂಚು ಹಿಂಜಿರುತ್ತದೆ, ಮೂಳೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕರೆಂಟ್ ಹೊಡೆದಿದ್ದರೆ ಲೆಕ್ಕವೇ ಬೇರೆ. ನಮ್ಮ ಕಡೆ ತೋಟದಲ್ಲಿ ಅಲ್ಯೂಮಿನಿಯಂ ದೋಟಿ 11 ಕೆವಿ ತಂತಿಗೆ ತಾಗಿ ಬರುವವರಿದ್ದಾರೆ. ತಲೆಗೆ ತಂತಿ ತಾಗಿದ್ದರೆ ಚರ್ಮ, ಪೊರೆ, ಬುರುಡೆಯ ಹೊರಪದರ ಎಲ್ಲ ಸುಟ್ಟಿರಬಹುದು. ಹೊರಗೆ ಕಾಣುವುದಕ್ಕಿಂತ ಹಾನಿ ದೂರ ಹರಡಿರುತ್ತದೆ. ಹತ್ತಿರದ ರಕ್ತನಾಳವನ್ನು ನಂಬುವಂತಿಲ್ಲ.

ಕ್ಯಾನ್ಸರ್ ತೆಗೆದ ಜಾಗವಾದರೆ, ಅಂಚು ಸ್ವಚ್ಛ ಇದೆ ಎಂಬ ಪೆಥಾಲಜಿ ರಿಪೋರ್ಟ್ ಬರುವ ಮೊದಲು ದೊಡ್ಡ ಫ್ಲ್ಯಾಪ್ ತಿರುಗಿಸಬೇಡಿ. ಒಳಗೆ ರೋಗ ಉಳಿದಿದ್ದರೆ ಫ್ಲ್ಯಾಪ್ ಅದನ್ನು ಮುಚ್ಚಿಡುತ್ತದೆ, ಮತ್ತೆ ಮಾಡಲು ಚರ್ಮವೂ ಉಳಿಯುವುದಿಲ್ಲ. ರೇಡಿಯೇಶನ್ ತಗೊಂಡ ನೆತ್ತಿ ಇನ್ನೂ ಕಷ್ಟ. ನೋಡಲು ಸಾಮಾನ್ಯವಾಗಿದ್ದರೂ ಅದು ಹಿಗ್ಗುವುದಿಲ್ಲ, ಗಾಯ ಬೇಗ ಕೂಡುವುದಿಲ್ಲ.

ಆಮೇಲೆ ಅಳತೆ. ಗಾಯ ಎಷ್ಟು ಅಗಲ? ಪೊರೆ ಇದೆಯೋ ಇಲ್ಲವೋ? ಬುರುಡೆ ಇದೆಯೋ, ಅಥವಾ ಮೆದುಳಿನ ಹೊದಿಕೆ ಕಾಣುತ್ತಿದೆಯೋ? ಹಣೆಯ ಕೂದಲ ಗೆರೆ ಎಲ್ಲಿದೆ? ಸುತ್ತಲಿನ ಚರ್ಮದಲ್ಲಿ ಹಳೆಯ ಹೊಲಿಗೆಯ ಗುರುತು ಇದೆಯಾ? ಹಳೆಯ ಗಾಯದ ಗೆರೆ ರಕ್ತದ ದಾರಿಗೆ ಅಡ್ಡ ಬಿದ್ದಿದ್ದರೆ ಅದರ ಆಚೆಯ ಚರ್ಮ ಎತ್ತಿದರೆ ಕಪ್ಪಾಗುತ್ತದೆ.

ಗ್ರಾಫ್ಟ್ ಬೇರೆ, ಫ್ಲ್ಯಾಪ್ ಬೇರೆ

ಮನೆಯವರು ಎರಡನ್ನೂ "ಚರ್ಮ ಕಸಿ" ಅನ್ನುತ್ತಾರೆ. ನಾನು ಅವರಿಗೆ ಗದ್ದೆಯ ಲೆಕ್ಕದಲ್ಲಿ ಹೇಳುತ್ತೇನೆ. ಗ್ರಾಫ್ಟ್ ಅಂದರೆ ಕಿತ್ತು ತಂದ ಸಸಿ. ನೆಟ್ಟ ನೆಲದಲ್ಲಿ ನೀರಿದ್ದರೆ ಬದುಕುತ್ತದೆ, ಬರಿ ಬಂಡೆಯ ಮೇಲೆ ಇಟ್ಟರೆ ಒಣಗುತ್ತದೆ. ಫ್ಲ್ಯಾಪ್ ಅಂದರೆ ಕಾಲುವೆ ಸಮೇತ ಬಂದ ಗದ್ದೆಯ ತುಂಡು. ಅದರ ನೀರು ಅದರ ಜೊತೆಗೇ ಬರುತ್ತದೆ, ಕೆಳಗೆ ಬಂಡೆ ಇದ್ದರೂ ನಡೆಯುತ್ತದೆ. ಫ್ರೀ ಫ್ಲ್ಯಾಪ್ ಅಂದರೆ ಆ ಗದ್ದೆಯ ಕಾಲುವೆಯನ್ನೇ ಕಡಿದು, ಬೇರೆ ಊರಿಗೆ ಒಯ್ದು, ಅಲ್ಲಿನ ಕಾಲುವೆಗೆ ಜೋಡಿಸುವುದು.

ಬುಡ ಕಡಿಯದೆ ಚರ್ಮ ತಿರುಗಿಸುವ ವಿದ್ಯೆ ನಮ್ಮ ನೆಲದ್ದು. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ವಿವರ ಇದೆ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝೀನ್ ಒಂದು ಸುದ್ದಿ ಅಚ್ಚು ಮಾಡಿತು. ಕಾವಸ್ಜಿ ಎಂಬ ಎತ್ತಿನಗಾಡಿಯವನು 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಜೊತೆಗಿದ್ದ. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ವೈದ್ಯ ಹಣೆಯ ಚರ್ಮವನ್ನು ಬುಡ ಉಳಿಸಿಕೊಂಡು ಕೆಳಗೆ ತಿರುಗಿಸಿ ಅವನಿಗೆ ಮೂಗು ಕಟ್ಟಿದ. ಅದನ್ನು ಓದಿದ ಮೇಲೆ ಯುರೋಪಿನ ಸರ್ಜನ್‌ಗಳು ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. ಇವತ್ತು ನೆತ್ತಿಯಲ್ಲಿ ನಾವು ಮಾಡುವುದೂ ಅದೇ ತತ್ವದ ಮೇಲೆ.

ಪೊರೆ ಇದ್ದರೆ, ಪೊರೆ ಇಲ್ಲದಿದ್ದರೆ

ಸುಮಾರು ಮೂರು ಸೆಂಟಿಮೀಟರ್ ಅಗಲದವರೆಗಿನ ಗಾಯವನ್ನು ಸುತ್ತಲಿನ ಚರ್ಮ ಸಡಿಲಿಸಿ ಎಳೆದು ಹೊಲಿಯಬಹುದು. ಗೇಲಿಯಾ ಹಿಗ್ಗುವುದಿಲ್ಲ, ಅದೇ ತೊಡಕು. ಅದಕ್ಕೆ ಒಳಬದಿಯಿಂದ ಗೇಲಿಯಾದ ಮೇಲೆ ಒಂದೊಂದು ಸೆಂಟಿಮೀಟರ್ ಬಿಟ್ಟು ಗೀರು ಹಾಕುತ್ತೇವೆ. ಎಳೆತ ಬೇಕಾದ ದಿಕ್ಕಿಗೆ ಅಡ್ಡಲಾಗಿ. ಒಂದು ಗೀರಿಗೆ ಸಿಗುವುದು ಒಂದೂವರೆ ಮಿಲಿಮೀಟರ್ ಆಸುಪಾಸು ಅಷ್ಟೇ, ಆದರೆ ಐದಾರು ಗೀರು ಸೇರಿದರೆ ಹೊಲಿಗೆಯ ಬಿಗಿ ಇಳಿಯುತ್ತದೆ. ಗೀರು ಗೇಲಿಯಾದಲ್ಲೇ ನಿಲ್ಲಬೇಕು. ಒಂದು ಕೂದಲೆಳೆ ಆಳಕ್ಕೆ ಹೋದರೂ ಅಲ್ಲೇ ಆರ್ಟರಿ ಇದೆ.

ಗಾಯ ದೊಡ್ಡದು, ಆದರೆ ಪೊರೆ ಜೀವಂತ ಇದೆ ಅಂದರೆ ತೊಡೆಯಿಂದ ತೆಳು ಚರ್ಮ ತೆಗೆದು ಗ್ರಾಫ್ಟ್ ಹಾಕಬಹುದು. ಮೇಲೆ ಹತ್ತಿಯ ದಿಂಬಿಟ್ಟು ಅಲುಗದಂತೆ ಕಟ್ಟಿ, ಐದನೇ ದಿನದ ಸುಮಾರಿಗೆ ಬಿಚ್ಚಿ ನೋಡುತ್ತೇವೆ. ಬೇಗ ಮುಗಿಯುವ ಕೆಲಸ. ವಯಸ್ಸಾದವರಿಗೆ, ಹೃದಯ ಗಟ್ಟಿ ಇಲ್ಲದವರಿಗೆ ಇದೇ ಒಳ್ಳೆಯದು. ಕೂದಲು ಬರುವುದಿಲ್ಲ, ಜಾಗ ಸ್ವಲ್ಪ ಗುಳಿ ಬೀಳುತ್ತದೆ.

ಪೊರೆ ಇಲ್ಲದೆ ಬರೀ ಮೂಳೆ ಇದ್ದರೆ? ಗ್ರಾಫ್ಟ್ ಹಿಡಿಯುವುದಿಲ್ಲ. ಆದರೂ ಕೆಲವರು ಆತುರಕ್ಕೆ ಹಾಕುತ್ತಾರೆ, ವಾರ ಬಿಟ್ಟು ಉದುರುತ್ತದೆ. ಹಳೆಯ ದಾರಿ ಒಂದಿದೆ. ಬುರುಡೆಯ ಹೊರಪದರವನ್ನು ಕೊರೆದರೆ ಒಳಗಿನ ಸ್ಪಂಜಿನಂಥ ಡಿಪ್ಲೋ ಸಿಗುತ್ತದೆ, ಅಲ್ಲಿ ರಕ್ತ ಇದೆ. 18ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಟೆನ್ನೆಸ್ಸಿ ಕಡೆ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಕಾಳಗದಲ್ಲಿ ನೆತ್ತಿ ಕಳೆದುಕೊಂಡವರ ಬುರುಡೆಗೆ ಚಿಕ್ಕ ಚಿಕ್ಕ ತೂತು ಕೊರೆಯುತ್ತಿದ್ದರು. ತೂತಿನಿಂದ ಕೆಂಪು ಮಾಂಸ ಎದ್ದು ನಿಧಾನವಾಗಿ ತಲೆ ಮುಚ್ಚುತ್ತಿತ್ತು. 1806ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇವತ್ತು ನಾವು ತೂತಿನ ಬದಲು ಮೂಳೆ ಉಜ್ಜುವ ಉಪಕರಣವಾದ ಬರ್‌ನಿಂದ ಹೊರಪದರ ಉಜ್ಜಿ, ಹನಿ ಹನಿ ರಕ್ತ ಕಂಡ ಕೂಡಲೇ ನಿಲ್ಲಿಸುತ್ತೇವೆ. ಮೇಲೆ ಕೃತಕ ಚರ್ಮದ ಹಾಳೆ ಹಾಕಿ, ಮೂರು ವಾರದ ಸುಮಾರಿಗೆ ಅದು ಕೆಂಪಾದ ಮೇಲೆ ತೆಳು ಗ್ರಾಫ್ಟ್ ಹಾಕುತ್ತೇವೆ. ದೊಡ್ಡ ಆಪರೇಶನ್ ತಡೆಯಲಾರದ ಹಿರಿಯರಿಗೆ ಇದು ಒಳ್ಳೆಯ ದಾರಿ. ಉಳಿದವರಿಗೆ ನನ್ನ ಮನಸ್ಸು ಫ್ಲ್ಯಾಪ್ ಕಡೆಗೇ ವಾಲುತ್ತದೆ.

ರೊಟೇಶನ್ ಫ್ಲ್ಯಾಪ್: ಪಕ್ಕದ ಚರ್ಮ ತಿರುಗಿಸುವುದು

ನೆತ್ತಿಗೆ ನೆತ್ತಿಯೇ ಸರಿ. ಬಣ್ಣ, ದಪ್ಪ, ಕೂದಲು ಮೂರೂ ಸಿಗುವುದು ಇದರಲ್ಲಿ ಮಾತ್ರ. ಮಧ್ಯಮ ಗಾತ್ರದ ಗಾಯಕ್ಕೆ ಕಿರಿಯರು ಮೊದಲು ಕಲಿಯಬೇಕಾದ್ದು ಇದನ್ನೇ.

ಮೊದಲು ಕೈ ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳಿಸುವ ಪುಟ್ಟ ಉಪಕರಣ) ಇಟ್ಟು ಆರ್ಟರಿಯ ದಾರಿ ಗುರುತು ಮಾಡಿ. ಫ್ಲ್ಯಾಪಿನ ಬುಡದಲ್ಲಿ ಹೆಸರಿರುವ ಒಂದು ಆರ್ಟರಿಯಾದರೂ ಇರಬೇಕು. ಗಾಯವನ್ನು ಮನಸ್ಸಿನಲ್ಲಿ ತ್ರಿಕೋನ ಮಾಡಿಕೊಳ್ಳಿ. ಅದರ ತಳದ ಮೂಲೆಯಿಂದ ಹೊರಟು ದೊಡ್ಡ ಕಮಾನು ಬರೆಯಿರಿ. ಎಷ್ಟು ದೊಡ್ಡದು? ಗಾಯದ ಅಗಲದ ನಾಲ್ಕರಿಂದ ಆರು ಪಟ್ಟು ಉದ್ದ. ಹೊಸಬರಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ನಾಲ್ಕು ಸೆಂಟಿಮೀಟರ್ ಗಾಯಕ್ಕೆ ಇಪ್ಪತ್ತು ಸೆಂಟಿಮೀಟರ್ ಗೆರೆಯಾ ಅಂತ ಕೇಳುತ್ತಾರೆ. ಹೌದು. ಬುರುಡೆ ದುಂಡಗಿದೆ, ಗೇಲಿಯಾ ಬಗ್ಗುವುದಿಲ್ಲ. ಚಿಕ್ಕ ಫ್ಲ್ಯಾಪ್ ಬರೆದು ಪರದಾಡಿದ್ದು ನನಗೆ ಇನ್ನೂ ನೆನಪಿದೆ.

ಕತ್ತಿ ಹಾಕುವ ಮೊದಲು ಗಾಜ್ ಬಟ್ಟೆಯಲ್ಲಿ ಅಳೆದು ನೋಡಿ. ಒಂದು ತುದಿಯನ್ನು ಫ್ಲ್ಯಾಪ್ ತಿರುಗುವ ಜಾಗದಲ್ಲಿ ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿ ಫ್ಲ್ಯಾಪಿನ ಕೊನೆಯನ್ನೂ ಮುಟ್ಟಬೇಕು, ತಿರುಗಿಸಿದಾಗ ಗಾಯದ ಆಚೆಯ ಅಂಚನ್ನೂ ಮುಟ್ಟಬೇಕು. ಮುಟ್ಟದಿದ್ದರೆ ಗೆರೆ ಅಳಿಸಿ ಮತ್ತೆ ಬರೆಯಿರಿ. ಈ ಎರಡು ನಿಮಿಷ ಉಳಿಸಲು ಹೋಗಬೇಡಿ.

ಗೆರೆಯ ಉದ್ದಕ್ಕೂ ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ (ಜಾಗ ಮರಗಟ್ಟಿಸುವ ಮದ್ದು) ಚುಚ್ಚಿ, ಏಳೆಂಟು ನಿಮಿಷ ಕಾಯಿರಿ. ರಕ್ತ ತುಂಬಾ ಕಡಿಮೆಯಾಗುತ್ತದೆ. ಬ್ಲೇಡನ್ನು ಕೂದಲು ಹೊರಟ ದಿಕ್ಕಿಗೆ ವಾಲಿಸಿ ಕೊಯ್ಯಿರಿ. ನೆಟ್ಟಗೆ ಕೊಯ್ದರೆ ಕೂದಲಿನ ಬೇರು ತುಂಡಾಗಿ ಗೆರೆಯ ಉದ್ದಕ್ಕೂ ಬೋಳು ಪಟ್ಟೆ ಬೀಳುತ್ತದೆ. ಅಂಚಿನಲ್ಲಿ ರಕ್ತ ಬಂದರೆ ಕಾಟರಿಯಿಂದ ಸುಡಬೇಡಿ, ರೇನಿ ಕ್ಲಿಪ್ (ನೆತ್ತಿಯ ಅಂಚನ್ನು ಒತ್ತಿ ಹಿಡಿದು ರಕ್ತ ನಿಲ್ಲಿಸುವ ಕ್ಲಿಪ್) ಹಾಕಿ. ಕಾಟರಿಯ ಬಿಸಿಯೂ ಬೇರನ್ನು ಕೊಲ್ಲುತ್ತದೆ.

ಗೇಲಿಯಾ ದಾಟಿದ ಕೂಡಲೇ ಸಡಿಲ ಪದರ ಸಿಗುತ್ತದೆ. ಅಲ್ಲಿ ಬೆರಳು ಹಾಕಿದರೆ ಸಾಕು, ಹಲಸಿನ ತೊಳೆ ಬಿಡಿಸಿದ ಹಾಗೆ ಬಿಟ್ಟುಕೊಳ್ಳುತ್ತದೆ. ಕೆಳಗಿನ ಪೊರೆಯನ್ನು ಬುರುಡೆಯ ಮೇಲೇ ಬಿಡಿ. ಫ್ಲ್ಯಾಪ್ ಸರಿದ ಮೇಲೆ ಹಿಂದೆ ಉಳಿಯುವ ಜಾಗಕ್ಕೆ ಗ್ರಾಫ್ಟ್ ಹಾಕಬೇಕಾಗಿ ಬಂದರೆ ಆ ಪೊರೆಯೇ ನೆಲ.

ಈಗ ತಿರುಗಿಸಿ ನೋಡಿ. ಬಿಗಿ ಇದ್ದರೆ ಇನ್ನೂ ದೂರ ಸಡಿಲಿಸಿ, ಗೇಲಿಯಾ ಗೀರಿ. ಬುಡದ ಕಡೆಗೆ ಚಿಕ್ಕ ಕೊಯ್ತ ಹಾಕಿದರೆ ಇನ್ನಷ್ಟು ತಿರುಗುತ್ತದೆ, ಆದರೆ ಪ್ರತಿ ಮಿಲಿಮೀಟರಿಗೂ ರಕ್ತದ ದಾರಿ ಕಿರಿದಾಗುತ್ತದೆ. ತುದಿಯ ಬಣ್ಣ ನೋಡುತ್ತಾ ಇರಿ. ಬಿಳಿಚಿಕೊಂಡರೆ ನಿಲ್ಲಿಸಿ. ತಿರುಗಿಸಿದಾಗ ಬುಡದಲ್ಲಿ ನಾಯಿಯ ಕಿವಿಯಂತೆ ಒಂದು ಉಬ್ಬು ಏಳುತ್ತದೆ. ನೋಡಲು ಚೆಂದವಿಲ್ಲ ಅಂತ ಅದನ್ನು ಕತ್ತರಿಸಲು ಕೈ ತುರಿಸುತ್ತದೆ. ಕತ್ತರಿಸಬೇಡಿ, ಫ್ಲ್ಯಾಪಿನ ಕಾಲುವೆ ಅಲ್ಲೇ ಇದೆ. ಕೆಲವು ತಿಂಗಳಲ್ಲಿ ಬಹಳಷ್ಟು ತಾನೇ ಇಳಿಯುತ್ತದೆ. ಉಳಿದರೆ ಆಮೇಲೆ ಸರಿಮಾಡಬಹುದು.

ಹೊಲಿಗೆ ಎರಡು ಪದರ. ಎಳೆತವನ್ನೆಲ್ಲ ಗೇಲಿಯಾ ಹೊರಬೇಕು, ಚರ್ಮದ ಹೊಲಿಗೆ ಸುಮ್ನೆ ಅಂಚು ಕೂಡಿಸಿದರೆ ಸಾಕು. ಕೆಳಗೆ ಡ್ರೈನ್ (ಒಳಗಿನ ರಕ್ತ ಹೊರಗೆ ಹರಿಸುವ ಕೊಳವೆ) ಇಡಿ. ರಕ್ತ ಶೇಖರವಾದರೆ ಫ್ಲ್ಯಾಪ್ ಒಳಗಿನಿಂದ ಒತ್ತಿಕೊಂಡು ಹಾಳಾಗುತ್ತದೆ.

ಗಾಯ ಇನ್ನೂ ದೊಡ್ಡದಾದರೆ ಎರಡು ಬದಿಯಿಂದ ಎರಡು ಫ್ಲ್ಯಾಪ್ ತಿರುಗಿಸಬಹುದು. ಕೊಲಂಬಿಯಾದ ಮಿಗೆಲ್ ಒರ್ಟಿಕೊಚಿಯಾ ಇಡೀ ನೆತ್ತಿಯನ್ನು ಮೊದಲು ನಾಲ್ಕು, ಆಮೇಲೆ 1971ರಲ್ಲಿ ಮೂರು ಫ್ಲ್ಯಾಪ್ ಆಗಿ ಬಿಡಿಸಿ ಹಂಚುವ ವಿಧಾನ ಬರೆದರು. ಜಾಣತನದ ಕೆಲಸ, ಆದರೆ ರಕ್ತ ಜಾಸ್ತಿ ಹೋಗುತ್ತದೆ. ಮಕ್ಕಳಲ್ಲಿ ತುಂಬಾ ಎಚ್ಚರ ಬೇಕು.

ಬಲೂನ್ ಇಟ್ಟು ನೆತ್ತಿ ಬೆಳೆಸುವುದು

"ಡಾಕ್ಟ್ರೇ, ಕೂದಲು ಮತ್ತೆ ಬರುತ್ತಾ?" ಹೆಣ್ಣುಮಕ್ಕಳ ತಾಯಂದಿರು ಮೊದಲು ಕೇಳುವುದು ಇದನ್ನೇ. ಗಾಯದ ನೋವಿನ ಬಗ್ಗೆ ಆಮೇಲೆ ಕೇಳುತ್ತಾರೆ. ಬೇರೆ ಜಾಗದ ಚರ್ಮ ಹಾಕಿದರೆ ಬರುವುದಿಲ್ಲ ಅಮ್ಮಾ, ನೆತ್ತಿಯನ್ನೇ ಬೆಳೆಸಿದರೆ ಬರುತ್ತದೆ ಎಂದು ನಾನು ಹೇಳುತ್ತೇನೆ.

ಸಿಲಿಕೋನ್ ಬಲೂನನ್ನು ಒಳ್ಳೆಯ ನೆತ್ತಿಯ ಕೆಳಗೆ, ಗೇಲಿಯಾದ ಅಡಿಯಲ್ಲಿ ಇಡುತ್ತೇವೆ. ಎರಡು ವಾರ ಗಾಯ ಮಾಯಲು ಬಿಡುತ್ತೇವೆ. ಆಮೇಲೆ ವಾರಕ್ಕೊಮ್ಮೆ ಚರ್ಮದ ಕೆಳಗಿನ ಪುಟ್ಟ ಪೋರ್ಟಿಗೆ ಸೂಜಿ ಚುಚ್ಚಿ ಸಲೈನ್ ತುಂಬುತ್ತೇವೆ. ಚರ್ಮ ಬಿಗಿದು ಬಿಳಿಚಿದರೆ ಅಥವಾ ನೋವು ಅಂದರೆ ಆ ವಾರಕ್ಕೆ ಅಷ್ಟೇ. ಎರಡು ಮೂರು ತಿಂಗಳಲ್ಲಿ ಬೇಕಾದಷ್ಟು ಚರ್ಮ ಬೆಳೆಯುತ್ತದೆ. ಬಲೂನ್ ತೆಗೆದು ಆ ಚರ್ಮವನ್ನು ಬೋಳು ಜಾಗದ ಮೇಲೆ ಎಳೆದು ಹೊದಿಸುತ್ತೇವೆ. ನೆತ್ತಿಯ ಅರ್ಧದಷ್ಟು ಜಾಗವನ್ನು ಹೀಗೆ ಮುಚ್ಚಬಹುದು, ಕೂದಲು ತೆಳುವಾದದ್ದು ಕಣ್ಣಿಗೆ ಕಾಣುವುದಿಲ್ಲ.

ತೆರೆದ ಗಾಯಕ್ಕೆ, ಕೀವಿರುವ ಜಾಗಕ್ಕೆ, ರೇಡಿಯೇಶನ್ ತಗೊಂಡ ಚರ್ಮಕ್ಕೆ ಇದು ಬೇಡ. ಮೊದಲು ಗ್ರಾಫ್ಟಿನಿಂದ ಮುಚ್ಚಿ, ಆರು ತಿಂಗಳೋ ವರ್ಷವೋ ಬಿಟ್ಟು ನಿಧಾನವಾಗಿ ಮಾಡುವ ಕೆಲಸ ಇದು. ಆ ಮೂರು ತಿಂಗಳು ತಲೆಯ ಮೇಲೆ ದೊಡ್ಡ ಉಬ್ಬು ಇರುತ್ತದೆ. ಶಾಲೆಗೆ ಹೋಗುವ ಮಗುವಾದರೆ ದೊಡ್ಡ ರಜೆಯ ಲೆಕ್ಕ ಹಾಕಿ ದಿನ ಗೊತ್ತುಮಾಡಿ. ಟೀಚರ್‌ಗೆ ಮೊದಲೇ ಒಂದು ಮಾತು ಹೇಳಿ.

ಫ್ರೀ ಫ್ಲ್ಯಾಪ್: ಬೆನ್ನಿನ ಸ್ನಾಯು ತಲೆಗೆ

ಇಡೀ ನೆತ್ತಿ ಹೋಗಿದ್ದರೆ ತಿರುಗಿಸಲು ಪಕ್ಕದಲ್ಲಿ ಏನೂ ಇರುವುದಿಲ್ಲ. 1972ರಲ್ಲಿ ಅಮೆರಿಕದ ಮೆಕ್ಲೀನ್ ಮತ್ತು ಬಂಕಿ ಹೊಟ್ಟೆಯೊಳಗಿನ ಓಮೆಂಟಮ್ ಎಂಬ ಕೊಬ್ಬಿನ ಪರದೆಯನ್ನು ತೆಗೆದು, ಅದರ ರಕ್ತನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ತಲೆಯ ನಾಳಗಳಿಗೆ ಜೋಡಿಸಿದ್ದನ್ನು ಪ್ರಕಟಿಸಿದರು. ಫ್ರೀ ಫ್ಲ್ಯಾಪ್ ಚರಿತ್ರೆಯ ಮೊದಲ ಹೆಜ್ಜೆಗಳಲ್ಲಿ ಒಂದು ಇಟ್ಟದ್ದೇ ನೆತ್ತಿಯ ಮೇಲೆ. ಈಗ ಹೆಚ್ಚಾಗಿ ಬಳಸುವುದು ಬೆನ್ನಿನ ಲ್ಯಾಟಿಸಿಮಸ್ ಡಾರ್ಸಿ ಸ್ನಾಯು. ಅಗಲವಾಗಿದೆ, ತೆಳುವಾಗಿದೆ, ಅದರ ರಕ್ತನಾಳ ಉದ್ದವಾಗಿದೆ. ತೊಡೆಯ ಹೊರಬದಿಯ ಎಎಲ್‌ಟಿ ಫ್ಲ್ಯಾಪ್ ಇನ್ನೊಂದು ಆಯ್ಕೆ.

ಯಾವುದು ಅಂತ ನಿರ್ಧರಿಸುವ ಮೊದಲು ಅವರ ಕೆಲಸ ಏನೆಂದು ಕೇಳಿ. ಲ್ಯಾಟಿಸಿಮಸ್ ತೆಗೆದರೆ ಮನೆಗೆಲಸಕ್ಕೆ, ಗಾಡಿ ಓಡಿಸಲು ಹೆಚ್ಚೇನೂ ತೊಂದರೆಯಿಲ್ಲ. ಆದರೆ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವ ಸ್ನಾಯು ಅದು. ಅಡಿಕೆ ಮರ ಏರುವವರಿಗೆ, ಬಾವಿಯಿಂದ ನೀರು ಸೇದುವವರಿಗೆ ಅದರ ಕೊರತೆ ಗೊತ್ತಾಗುತ್ತದೆ. ಅಂಥವರಿಗೆ ನಾನು ತೊಡೆಯನ್ನು ಮೊದಲು ಯೋಚಿಸುತ್ತೇನೆ.

ಎರಡು ತಂಡ ಬೇಕು. ಒಂದು ತಂಡ ತಲೆಯ ಗಾಯವನ್ನು ತೊಳೆದು, ಸತ್ತದ್ದನ್ನು ತೆಗೆದು, ಕಿವಿಯ ಮುಂದೆ ಆ ಸೂಪರ್‌ಫಿಶಿಯಲ್ ಟೆಂಪೊರಲ್ ಆರ್ಟರಿ ಮತ್ತು ವೇನ್ (ರಕ್ತ ವಾಪಸ್ ಒಯ್ಯುವ ನಾಳ) ಹುಡುಕುತ್ತದೆ. ಆರ್ಟರಿ ಕಡಿದಾಗ ರಕ್ತ ಚಿಮ್ಮಬೇಕು. ಬರೀ ಒಸರಿದರೆ ಅದನ್ನು ನಂಬಬೇಡಿ, ಒಳ್ಳೆಯ ಜಾಗ ಸಿಗುವ ತನಕ ಹಿಂದೆ ಹೋಗಿ. ಕರೆಂಟ್ ಗಾಯದಲ್ಲಿ ಕುತ್ತಿಗೆಯವರೆಗೆ ಇಳಿದು, ಕಾಲಿನಿಂದ ವೇನ್ ತಂದು ನಡುವೆ ಸೇರಿಸಬೇಕಾಗಬಹುದು.

ಇನ್ನೊಂದು ತಂಡ ಕಂಕುಳಿನಿಂದ ಪಕ್ಕೆಯ ಉದ್ದಕ್ಕೆ ಕೊಯ್ದು ಸ್ನಾಯು ಬಿಡಿಸುತ್ತದೆ. ಒಳಬದಿಯಲ್ಲಿ ಥೊರಾಕೊಡಾರ್ಸಲ್ ನಾಳಗಳು ಸ್ನಾಯುವಿನೊಳಗೆ ಹೋಗುವುದು ಕಾಣುತ್ತದೆ. ಪಕ್ಕದ ಸೆರೇಟಸ್ ಸ್ನಾಯುವಿಗೆ ಹೋಗುವ ಕವಲನ್ನು ಕಟ್ಟಿ, ಮೂಲ ನಾಳವನ್ನು ಕಂಕುಳಿನ ಕಡೆಗೆ ಹಿಂಬಾಲಿಸಿ ಉದ್ದ ಮಾಡಿಕೊಳ್ಳಬೇಕು. ತಲೆಯ ಕಡೆ ಎಲ್ಲ ಸಿದ್ಧವಾಗುವ ತನಕ ನಾಳ ಕಡಿಯಬಾರದು. ಅಲ್ಲಿಯವರೆಗೆ ಸ್ನಾಯು ತನ್ನ ರಕ್ತದಲ್ಲೇ ಇರಲಿ.

ಕಡಿದ ಮೇಲೆ ಗಡಿಯಾರ ಶುರು. ಸ್ನಾಯುವನ್ನು ತಲೆಯ ಮೇಲೆ ಹರಡಿ ಮೊದಲು ನಾಲ್ಕೈದು ಹೊಲಿಗೆ ಹಾಕಿ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ಅದರ ಭಾರಕ್ಕೆ ನಾಳ ಎಳೆಯುತ್ತದೆ. ನಾಳ ಎಲ್ಲೂ ತಿರುಚಿಲ್ಲ ಎಂದು ಎರಡು ಸಲ ನೋಡುತ್ತೇವೆ. ಆಮೇಲೆ ಮೈಕ್ರೋಸ್ಕೋಪ್. ನಾಳದ ಅಗಲ ಎರಡು ಮಿಲಿಮೀಟರ್ ಆಸುಪಾಸು, ದಾರ 9-0 ಅಥವಾ 10-0 ನೈಲಾನ್, ಬರಿಗಣ್ಣಿಗೆ ಕಾಣುವುದೇ ಕಷ್ಟ. ಸೂಜಿ ಒಂದು ಗೋಡೆಯಿಂದ ಎದುರು ಗೋಡೆಗೆ ಸಿಕ್ಕಿಕೊಂಡರೆ ನಾಳವೇ ಮುಚ್ಚಿಹೋಗುತ್ತದೆ. ವೇನ್ ಗೋಡೆ ಒದ್ದೆ ಟಿಶ್ಯೂ ಪೇಪರಿನಷ್ಟು ಮೆತ್ತಗೆ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಬೆರೆಸಿದ ಸಲೈನ್ ಹನಿಸುತ್ತಾ, ಆ ನೀರಿನಲ್ಲಿ ಗೋಡೆ ತೇಲಿ ಬಾಯಿ ತೆರೆದಾಗ ಹೊಲಿಯಬೇಕು.

ಕ್ಲ್ಯಾಂಪ್ ಬಿಟ್ಟಾಗ ಓಟಿಯಲ್ಲಿ ಯಾರೂ ಮಾತಾಡುವುದಿಲ್ಲ. ಬೂದು ಬಣ್ಣದ ಸ್ನಾಯು ನಿಧಾನವಾಗಿ ಗುಲಾಬಿಯಾಗುತ್ತದೆ. ಅಂಚಿನಿಂದ ಕೆಂಪು ರಕ್ತ ಜಿನುಗುತ್ತದೆ. ವೇನ್ ತುಂಬಿ ಉಬ್ಬುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ.

ಸ್ನಾಯುವಿನ ಮೇಲೆ ತೊಡೆಯ ತೆಳು ಚರ್ಮದ ಗ್ರಾಫ್ಟ್ ಹಾಕುತ್ತೇವೆ. ಮೊದಲು ತಲೆ ದಪ್ಪಗೆ ಊದಿದಂತೆ ಕಾಣುತ್ತದೆ. ನರ ಕಡಿದ ಸ್ನಾಯು ತಿಂಗಳು ಕಳೆದಂತೆ ತೆಳುವಾಗಿ ಬುರುಡೆಗೆ ಒಪ್ಪಿಕೊಳ್ಳುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿ.

ಕಿತ್ತುಬಂದ ನೆತ್ತಿ ಚೆನ್ನಾಗಿದ್ದರೆ ಇಷ್ಟೆಲ್ಲ ಬೇಕಿಲ್ಲ, ಅದನ್ನೇ ಮರಳಿ ಜೋಡಿಸುವುದು ಎಲ್ಲಕ್ಕಿಂತ ಮೇಲು. ಮೊದಲ ಯಶಸ್ವಿ ಮರುಜೋಡಣೆ 1976ರಲ್ಲಿ ಪ್ರಕಟವಾಯಿತು. ಇಲ್ಲಿ ಆರ್ಟರಿಗಿಂತ ವೇನ್ ಹುಡುಕುವುದೇ ಹೆಚ್ಚು ಕಷ್ಟ. ಸಿಕ್ಕಷ್ಟು ವೇನ್ ಜೋಡಿಸಿ.

ರಾತ್ರಿ ಕಾವಲು

ಫ್ಲ್ಯಾಪ್ ಕೆಡುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ದಿನದಲ್ಲಿ ಕೆಡುತ್ತದೆ. ಮೊದಲ ದಿನ ಗಂಟೆಗೊಮ್ಮೆ ನೋಡಿ. ತಣ್ಣಗಾಗಿ ಬಿಳಿಚಿದರೆ, ಒತ್ತಿ ಬಿಟ್ಟಾಗ ಬಣ್ಣ ಮರಳಲು ತಡವಾದರೆ, ರಕ್ತ ಒಳಗೆ ಬರುತ್ತಿಲ್ಲ. ನೇರಳೆ ಬಣ್ಣಕ್ಕೆ ತಿರುಗಿ ಊದಿದರೆ, ಒತ್ತಿ ಬಿಟ್ಟ ಕೂಡಲೇ ಬಣ್ಣ ಬಂದರೆ, ಸೂಜಿ ಚುಚ್ಚಿದಾಗ ಕಪ್ಪು ರಕ್ತ ಹರಿದರೆ, ರಕ್ತ ಹೊರಗೆ ಹೋಗುತ್ತಿಲ್ಲ. ಗ್ರಾಫ್ಟ್ ಹಾಕಿದ ಸ್ನಾಯುವಿನಲ್ಲಿ ಬಣ್ಣ ನೋಡುವುದು ಕಷ್ಟ, ಡಾಪ್ಲರ್ ಸದ್ದು ಕೇಳಿ. ಅನುಮಾನ ಬಂದರೆ ಬೆಳಗಾಗುವ ತನಕ ಕಾಯಬೇಡಿ, ಸರ್ಜನ್‌ಗೆ ಫೋನ್ ಮಾಡಿ. ಬೇಗ ತೆರೆದು ಸರಿಮಾಡಿದ ಫ್ಲ್ಯಾಪ್ ಉಳಿಯುತ್ತದೆ.

ನಮ್ಮ ವಾರ್ಡಿನಲ್ಲಿ ಒಮ್ಮೆ ರಾತ್ರಿ ಎರಡಕ್ಕೆ ನರ್ಸ್ ಒಬ್ಬರು ಫ್ಲ್ಯಾಪ್ ಕಪ್ಪಾಗುತ್ತಿರುವುದನ್ನು ಕಂಡರು. ಫೋನ್ ಎತ್ತುವ ಮೊದಲು ಕಿವಿಯ ಮುಂದೆ ಟಾರ್ಚ್ ಹಿಡಿದರು. ಆಕ್ಸಿಜನ್ ಮಾಸ್ಕಿನ ಎಲಾಸ್ಟಿಕ್ ಸರಿಯಾಗಿ ನಾಳದ ಮೇಲೆ ಬಿಗಿದಿತ್ತು. ಕತ್ತರಿಸಿ ತೆಗೆದರು. ನಾನು ತಲುಪುವಷ್ಟರಲ್ಲಿ ಬಣ್ಣ ಮರಳಿತ್ತು. ಅಂದಿನಿಂದ ನಾವು ಕಿವಿಯ ಮುಂದೆ ಮಾರ್ಕರ್‌ನಿಂದ ಬರೆಯುತ್ತೇವೆ: "ಇಲ್ಲಿ ಏನೂ ಮುಟ್ಟಬಾರದು". ಮಾಸ್ಕ್ ದಾರ, ಕನ್ನಡಕದ ಕಡ್ಡಿ, ಬ್ಯಾಂಡೇಜ್ ಯಾವುದೂ ಅಲ್ಲಿ ಒತ್ತಬಾರದು. ಫ್ಲ್ಯಾಪ್ ಇರುವ ಕಡೆಗೆ ಮಲಗಿಸಬಾರದು. ಇಡೀ ನೆತ್ತಿ ಮುಚ್ಚಿದ್ದರೆ ಕುತ್ತಿಗೆ ಮತ್ತು ಹೆಗಲಿಗೆ ದಿಂಬು ಕೊಟ್ಟು ತಲೆಯ ಹಿಂಭಾಗಕ್ಕೆ ಭಾರ ಬೀಳದಂತೆ ನೋಡಿಕೊಳ್ಳಿ. ಕೋಣೆ ಬೆಚ್ಚಗಿರಲಿ. ಮೂತ್ರ ಗಂಟೆಗೆ ಕೆಜಿಗೆ ಅರ್ಧದಿಂದ ಒಂದು ಎಂಎಲ್ ಬರುತ್ತಿರಲಿ. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಂದ್. ನೋಡಲು ಬಂದವರು ಪಕ್ಕದಲ್ಲಿ ಸೇದುವುದೂ ಬೇಡ.

ಮನೆಗೆ ಹೋದ ಮೇಲೆ

ಗ್ರಾಫ್ಟ್ ಹಾಕಿದ ಚರ್ಮದಲ್ಲಿ ಬೆವರೂ ಇಲ್ಲ, ಜಿಡ್ಡೂ ಇಲ್ಲ. ಪೂರ್ತಿ ಮಾಗಿದ ಮೇಲೆ ದಿನಾ ಎರಡು ಹೊತ್ತು ಕೊಬ್ಬರಿ ಎಣ್ಣೆ ಮೆತ್ತಗೆ ಹಚ್ಚಿ. ಬಿಸಿಲಿಗೆ ಹೋಗುವಾಗ ಹತ್ತಿಯ ಬಟ್ಟೆ ಅಥವಾ ಟೋಪಿ ಇರಲಿ. ಆ ಜಾಗಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ, ಬಂದರೂ ಪೂರ್ತಿ ಬರುವುದಿಲ್ಲ. ಹಂಡೆಯ ಬಿಸಿನೀರು ತಲೆಗೆ ಹೊಯ್ಯುವ ಮೊದಲು ಕೈಗೆ ಹೊಯ್ದು ನೋಡಿ. ಹೆಲ್ಮೆಟ್ ಯಾವಾಗ ಹಾಕಬಹುದು ಎಂದು ಸರ್ಜನ್ ಹೇಳುವ ತನಕ ಬೈಕ್ ಹತ್ತಬೇಡಿ. ವಿಗ್ ಹಾಕುವುದಾದರೆ ಅಂಟು ಹಚ್ಚುವಂಥದ್ದು ಬೇಡ, ಟೋಪಿಯಂತೆ ಕೂರುವುದು ಸಾಕು. ವರ್ಷಗಳ ನಂತರ ಹಳೆಯ ಕಲೆಯ ಮೇಲೆ ಹುಣ್ಣಾಗಿ ವಾರಗಟ್ಟಲೆ ಮಾಯದಿದ್ದರೆ ಮುಲಾಮು ಹಚ್ಚುತ್ತಾ ಕೂರಬೇಡಿ. ಅದು ಕ್ಯಾನ್ಸರ್ ಇರಬಹುದು, ಒಂದು ತುಣುಕು ತೆಗೆಸಿ ಪರೀಕ್ಷೆ ಮಾಡಿಸಿ.

ಮೊದಲಿಗೆ ಹೇಳಿದ ಆ ಹೆಂಗಸು ಪ್ರತಿವರ್ಷ ಕೊಯ್ಲಿಗೆ ಮುಂಚೆ ಒಮ್ಮೆ ತೋರಿಸಿಕೊಂಡು ಹೋಗುತ್ತಾರೆ. ಕಳೆದ ಸಲ ಬಂದಾಗ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಅದೇ ಯಂತ್ರ. ಬೆಲ್ಟಿನ ಸುತ್ತ ಕಬ್ಬಿಣದ ಜಾಲರಿ ಬಂದಿದೆ. ವೆಲ್ಡಿಂಗ್ ಅಂಗಡಿಯವರು ಎಂಟುನೂರು ರೂಪಾಯಿ ತಗೊಂಡರಂತೆ. ಪಕ್ಕದಲ್ಲಿ ಕೆಲಸಕ್ಕೆ ಬಂದ ಹುಡುಗಿಯರು ಸಾಲಾಗಿ ನಿಂತಿದ್ದರು. ಎಲ್ಲರೂ ಜಡೆಯನ್ನು ತುರುಬು ಕಟ್ಟಿ, ಮೇಲೆ ಟವೆಲ್ ಬಿಗಿದಿದ್ದರು.